ಮೂಲೆಯ ರೂಮಿಗೆ ಬಂದ ತಾಯಿ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ. ಲಾಡ್ಜಿನ ಯಜಮಾನಿಗೆ ತಲೆ ತಿರುಗಿದೆ ಅಂತ ಭಾವನ ಹತ್ತಿರ ದೂರು ಹೇಳಿರುತ್ತೀಯ, ಗೊತ್ತು. ಬೈದುಕೋ. ಆದರೆ ಪೂರ್ತಿ ಓದಿದ ಮೇಲೆ ಬೈ.

ಮಹಡಿಯ ಮೂಲೆಯ ರೂಮಿಗೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದಿದ್ದರು. ಹುಡುಗಿ ಮಾತಿನ ಮಲ್ಲಿ. ಹುಡುಗ ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವವನು. ಒಂದು ಬೆಳಿಗ್ಗೆ ಬಾಡಿಗೆ ದೋಣಿ ಹಿಡಿದು, "ಆಂಟಿ, ಊಟಕ್ಕೆ ಬಂದ್ಬಿಡ್ತೀವಿ" ಅಂತ ಕೀಲಿ ಕೊಟ್ಟು ಇಬ್ಬರೇ ಸಮುದ್ರಕ್ಕೆ ಹೋದರು. ಸಂಜೆ ದೋಣಿ ಬಂಡೆಗಳ ಹತ್ತಿರ ಸಿಕ್ಕಿತು. ಮಗುಚಿರಲಿಲ್ಲ, ಒಡೆದೂ ಇರಲಿಲ್ಲ. ಅವರಿಬ್ಬರ ಸುಳಿವೇ ಇಲ್ಲ. ಗಾಳಿಯೂ ಬೀಸದ ದಿನ ಏನಾಯಿತು ಅಂತ ಪೊಲೀಸರಿಗೂ ಬಗೆಹರಿದಿಲ್ಲ. ಬೀದಿಯಲ್ಲಿ ನಿಂತು ಮಾತಾಡುವವರಿಗೆ ಮಾತ್ರ ಎಲ್ಲ ಗೊತ್ತು.

ಮರುದಿನ ಹುಡುಗಿಯ ತಾಯಿ ಬಂದರು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಗಂಡ ಇಲ್ಲ, ಒಬ್ಬಳೇ ಮಗಳು. ರೂಮಿಗೆ ಹೋದವರೇ ದಿಂಬು ಎತ್ತಿ ಮುಖಕ್ಕೆ ಒತ್ತಿಕೊಂಡರು. ಮಗಳ ತಲೆಯ ವಾಸನೆ ಹುಡುಕುತ್ತಿದ್ದರು, ಸಿಕ್ಕಿದ್ದು ಸೋಪಿನದು. "ಒಗೆದ್ರಾ?" ಅಂದರು. ಬಂದವರು ತಿರುಗಾಡಲು ಹೊರಟ ಕೂಡಲೇ ಹಾಸಿಗೆ ಬಟ್ಟೆ ಎಳೆದು ನೆನೆಸುವುದು ನನ್ನ ಚಾಳಿ, ನಿನಗೆ ಗೊತ್ತಲ್ಲ. ಆ ದಿನವೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಹಾಕಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿ ಅಳು ಬಂತು. ಅವರೇ ನನ್ನ ಬೆನ್ನು ಸವರಿ, "ಬಿಡಿ, ನಿಮಗೇನು ಗೊತ್ತಿತ್ತು" ಅಂದರು.

ಅಂದಿನಿಂದ ಇಲ್ಲೇ ಉಳಿದರು. ಹಗಲೆಲ್ಲ ದಡದಲ್ಲಿ ಕೂತು ಹುಡುಕುವ ದೋಣಿಗಳ ದಾರಿ ಕಾಯುವುದು, ಅವು ಬಂದ ಮೇಲೆ ನನ್ನ ಅಡುಗೆಮನೆಗೆ ಬರುವುದು. ಮೊದಲು ತುತ್ತು ಇಳಿಯುತ್ತಿರಲಿಲ್ಲ, ನಾನೇ ಗದರಿಸಿ ಉಣ್ಣಿಸಿದೆ. ಆಮೇಲೆ ನಾನು ಚಾದರ ಮಡಿಸುವಾಗ ಇನ್ನೊಂದು ತುದಿ ಹಿಡಿಯತೊಡಗಿದರು. ನಮ್ಮವರು ತೀರಿಕೊಂಡ ಮೇಲೆ ಚಾದರವನ್ನು ಗದ್ದಕ್ಕೆ ಒತ್ತಿಕೊಂಡು ಒಬ್ಬಳೇ ಮಡಿಸುತ್ತಿದ್ದೆ ಅಕ್ಕಾ. ಒಂದು ದಿನ ಸಾರು ಬಾಯಿಗಿಟ್ಟು ಮುಖ ಕಿವಿಚಿ, "ನಿಮ್ಮದು ಉಪ್ಪಿನ ಕೈ ಕಣ್ರೀ" ಅಂದರು. ಇಬ್ಬರೂ ನಕ್ಕುಬಿಟ್ಟೆವು. ನಕ್ಕಿದ್ದಕ್ಕೆ ಅವರು ಆಮೇಲೆ ತುಂಬಾ ಹೊತ್ತು ಅತ್ತರು.

ಮೊನ್ನೆ ಪೊಲೀಸರು ಬಂದು, "ಇನ್ನು ಹುಡುಕೋಕೆ ಆಗಲ್ಲಮ್ಮ, ನೀವು ಮನೆಗೆ ಹೋಗಿ" ಅಂದರು. ನಿನ್ನೆ ಬಸ್ಸು ಹತ್ತಿಸಿ ಬಂದೆ. ಮನೆ ಬಿಕೋ ಅನ್ನುತ್ತಿದೆ. ಆ ರೂಮನ್ನು ಬೇರೆಯವರಿಗೆ ಕೊಡಲು ಮನಸ್ಸಾಗುತ್ತಿಲ್ಲ.

ಭಾವನ ಮಂಡಿನೋವು ಹೇಗಿದೆ? ಮಕ್ಕಳಿಗೆ ನನ್ನ ಆಶೀರ್ವಾದ. ಎಲ್ಲೇ ಹೋದರೂ ಹೇಳಿದ ಹೊತ್ತಿಗೆ ಮನೆ ಸೇರಲಿ.

ನಿನ್ನ
ಪುಟ್ಟಿ

ತಾ.ಕ.: ಇದನ್ನು ಭಾವನಿಗೆ ಓದಿ ಹೇಳಬೇಡ. ಬಸ್ಸು ಹತ್ತುವಾಗ ಅವರು ನನ್ನ ಕೈ ಹಿಡಿದು, "ನನ್ನ ಮಗಳಿಗೋಸ್ಕರ ನಿಮ್ಮಷ್ಟು ಬೇಡ್ಕೊಂಡೋರು ಯಾರೂ ಇಲ್ಲ" ಅಂದರು. ಮೊದಮೊದಲು ಅದು ನಿಜ ಅಕ್ಕಾ. ಆಮೇಲಾಮೇಲೆ, ದೋಣಿಗಳು ಬರಿಗೈಯಲ್ಲಿ ಬರುವುದು ಕಂಡರೆ, ಇವರು ನಾಳೆಯೂ ಇರುತ್ತಾರಲ್ಲ ಅಂತ ನೆಮ್ಮದಿಯಾಗಿ, ಒಳಗೆ ಹೋಗಿ ಇಬ್ಬರಿಗೆ ಅಕ್ಕಿ ತೊಳೆಯುತ್ತಿದ್ದೆ.