ವಾಡೇದವರು

ಆಲ್ಮೆರೆ
೨೦ ಅಕ್ಟೋಬರ್ ೨೦೨೪

ಪ್ರೀತಿಯ ನೀಲಾ,

ಶರಣು. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೊಂಡಿರುತ್ತೀ. ಬೈ. ಹಾಸ್ಟೆಲಿನಲ್ಲಿ ನನ್ನ ಪಾಲಿನ ರೊಟ್ಟಿ ತಿಂದು ನನ್ನನ್ನೇ ಬೈಯುತ್ತಿದ್ದವಳು ನೀನು, ಹೊಸದೇನಲ್ಲ. ಮೊಣಕಾಲು ನೋವು ಹೇಗಿದೆ? ಇಲ್ಲಿ ಡಚ್ಚರ ನಾಡಿನಲ್ಲಿ ಗಾಳಿ ಶುರುವಾಗಿದೆ, ಕೊಡೆ ಬಿಚ್ಚಿದರೆ ಅದೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ.

ನಮ್ಮ ವೈಷ್ಣವಿಯ ಸುದ್ದಿ ಏನೆಂದು ನೀನು ಕೇಳಿದ್ದೆ. ಅವಳು ನಿನ್ನ ಮಗ ನಿತೀಶನನ್ನು ಮದುವೆಯಾಗುತ್ತೇನೆಂದಾಗ ಅವಳಪ್ಪ, ನಮ್ಮವರು, ಏನೆಂದರೆಂದು ನಿನಗೆ ಗೊತ್ತೇ ಇದೆ. ನಿನ್ನ ಮಾವ ತಿಪ್ಪಣ್ಣನವರು ನಮ್ಮ ವಾಡೆಯಲ್ಲಿ ಕುದುರೆ ಲಾಯ ನೋಡಿಕೊಂಡವರು, ದೇಸಾಯರ ಮಗಳು ಆ ಮನೆಗೆ ಹೋಗುವುದು ಹೇಗೆ ಎಂದರು. ವಾಡೆಯ ಛಾವಣಿ ಬಿದ್ದು ಎಷ್ಟೋ ಕಾಲವಾಯಿತು, ಲಾಯದಲ್ಲಿ ಈಗ ಮೇಕೆ ಕಟ್ಟುತ್ತಾರೆ. ಇವರ ತಲೆಯೊಳಗೆ ಮಾತ್ರ ಕುದುರೆ ಇನ್ನೂ ಓಡುತ್ತಿದೆ.

ಅಪ್ಪನ ಮಾತಿಗೆ ಆ ಸಂಬಂಧ ಬಿಟ್ಟು ಎರಡು ವರ್ಷ ಕಳೆದ ಮೇಲೆ ಅವಳು ತನ್ನ ಆಫೀಸಿನ ಪೋಲೆಂಡಿನ ಹುಡುಗ ವೊಯ್ಟೆಕ್ ಡೆಂಬೊರ್ಸ್ಕಿಯನ್ನು ಮನೆಗೆ ಕರೆತಂದಳು. ನಮ್ಮವರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಗ್ರಂಥಾಲಯದಲ್ಲಿ ಡೆಂಬೊರ್ಸ್ಕಿ ಮನೆತನದ ಇತಿಹಾಸವೊಂದು ಕೈಗೆ ಸಿಕ್ಕಿತು ನೋಡು, ಮನುಷ್ಯನೇ ಬದಲಾಗಿಬಿಟ್ಟರು. ಹದಿನೇಳನೇ ಶತಮಾನದಲ್ಲಿ ಹತ್ತಾರು ಹಳ್ಳಿಗಳ ಒಡೆಯರಂತೆ. ಅವರ ಹೊಲದ ಕಾಳು ನದಿಯಲ್ಲಿ ಇಳಿದು, ಗ್ಡಾನ್ಸ್ಕ್ ಬಂದರಿನಲ್ಲಿ ಡಚ್ಚರ ಹಡಗೇರಿ ಆಮ್‌ಸ್ಟರ್‌ಡಾಮಿಗೆ ಬರುತ್ತಿತ್ತಂತೆ. ಒಂದು ಭಾನುವಾರ ನನ್ನನ್ನು ಕಾಲುವೆ ದಂಡೆಗೆ ಕರೆದೊಯ್ದು ಹಳೆಯ ಉಗ್ರಾಣಗಳನ್ನು ತೋರಿಸಿ, "ನಮ್ಮ ಬೀಗರ ಕಾಳು ಇಲ್ಲೇ ಇಳೀತಿತ್ತು ನೋಡು" ಎಂದರು. ಅಣ್ಣತಮ್ಮಂದಿರು ಆಸ್ತಿಗಾಗಿ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದದ್ದು, ಸ್ವೀಡನ್ನಿನ ಸೈನ್ಯ ಬಂಗಲೆ ಸುಟ್ಟದ್ದು, ಮತ್ತೆ ಕಟ್ಟಿಸಿದ್ದು, ಎಲ್ಲ ಬಾಯಿಪಾಠ. "ಥೇಟ್ ನಮ್ಮ ಮನೆತನದ್ಹಂಗ" ಎಂದು ಬೀಗುತ್ತಿದ್ದರು. ಜಗಳದ ಮಟ್ಟಿಗೆ ಅದು ನಿಜ.

ಆಗಸ್ಟಿನಲ್ಲಿ ಹುಡುಗನ ಊರು ಡೆಂಬೊರಕ್ಕೆ ಹೋದೆವು. ಬಂಗಲೆ ಈಗ ಶಾಲೆಯಾಗಿದೆ. ನಮ್ಮವರು ಆ ಬಿಸಿಲಲ್ಲೂ ರೇಷ್ಮೆ ಶಾಲು ಹೊದ್ದು ಅದರ ಮುಂದೆ ನಿಂತು, ನಿಮ್ಮ ಹಿರಿಯರ ಕೋಣೆ ಯಾವುದೆಂದು ಹುಡುಗನ ಅಜ್ಜಿಯನ್ನು ಕೇಳಿದರು. ವೊಯ್ಟೆಕ್ ಅವಳ ಭಾಷೆಯಲ್ಲಿ ಹೇಳಿದ. ಅಜ್ಜಿ ನಕ್ಕು, ಬಂಗಲೆಗೆ ಬೆನ್ನು ತಿರುಗಿಸಿ, ಎದುರಿನ ಹೊಲ ತೋರಿಸಿದಳು. ಡೆಂಬೊರ್ಸ್ಕಿ ಎಂದರೆ ಡೆಂಬೊರದವನು, ಅಷ್ಟೇ ಅರ್ಥವಂತೆ. ಒಡೆಯನಿಗೂ ಅದೇ ಹೆಸರು, ಅವನ ಹೊಲದಲ್ಲಿ ಬಿಟ್ಟಿ ದುಡಿದವರಿಗೂ ಅದೇ ಹೆಸರು. ಇವರು ದುಡಿದವರು.

ನನಗೆ ನಗು ತಡೆಯಲಾಗಲಿಲ್ಲ ನೀಲಾ. ನಮ್ಮೂರಲ್ಲಿ ವಾಡೇದವರು ಎಂದರೆ ದೇಸಾಯರೂ ಹೌದು, ನಿನ್ನ ಮಾವನೂ ಹೌದು. ಊರೆಲ್ಲ ಅವರನ್ನು ವಾಡೇದ ತಿಪ್ಪಣ್ಣ ಎಂದೇ ಕರೆಯುತ್ತಿತ್ತಲ್ಲ. ಅದನ್ನು ಕೇಳುತ್ತಲೇ ಬೆಳೆದ ನಮ್ಮವರು ಪೋಲೆಂಡಿಗೆ ಹೋಗಿ ಎಡವಿದರು.

ಮೊದಲೇ ಯಾಕೆ ಹೇಳಲಿಲ್ಲವೆಂದು ಕಾರಿನಲ್ಲಿ ಹುಡುಗನನ್ನು ಗದರಿದರು. "ನೀವು ನನ್ನ ಹೆಸರಷ್ಟೇ ಕೇಳಿದಿರಿ" ಎಂದ. ಮನೆ ಸೇರಿದ್ದೇ ತಡ, ಈ ಸಂಬಂಧ ಬೇಡ ಎಂದರು. ವೈಷ್ಣವಿ ಚೀಲ ತುಂಬಿಕೊಂಡು ಹಾರ್ಲೆಮ್‌ಗೆ, ಅವನ ಮನೆಗೆ ಹೊರಟಳು. "ಅಪ್ಪಾಗ ಹೇಳವ್ವಾ, ಈ ಸಲ ನಾ ಕೇಳ್ಲಿಕ್ಕೆ ನಿಂತಿಲ್ಲ" ಎಂದಳು. ಅಂದಿನಿಂದ ಅಪ್ಪನ ಫೋನ್ ಎತ್ತಿಲ್ಲ. ಈ ಮನೆತನವೆಂಬುದನ್ನು ಯಾರಾದರೂ ಸುಟ್ಟಿದ್ದರೆ ನಾನು ಅವರ ಕೈಗೆ ಕಡ್ಡಿಪೆಟ್ಟಿಗೆ ಕೊಡುತ್ತಿದ್ದೆ.

ಮೊನ್ನೆ ಇಲ್ಲಿನ ಜೂಟರ್‌ಮೀರ್ ಊರಿನ ದಸರಾ ಕೂಟದಲ್ಲಿ ನಿತೀಶ ಸಿಕ್ಕಿದ್ದ. ಕಾಲು ಮುಟ್ಟಿ ನಮಸ್ಕರಿಸಿದ. ತಲೆಯ ಮೇಲೆ ಕೈಯಿಡಲು ಸಂಕೋಚವಾಯಿತು, ಆದರೂ ಇಟ್ಟೆ. ನಗುವ ಮನೆಯೊಂದು ಅವನಿಗೆ ಸಿಗಲಿ. ನಿನ್ನ ಕಾಲಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಬೇಡ.

ನಿನ್ನ
ಗಿರಿಜಾ

ತಾ.ಕ.: ನನ್ನನ್ನು ಈ ಪತ್ರಕ್ಕೆ ಕೂರಿಸಿದವರು ನಮ್ಮವರೇ. ನಿತೀಶನನ್ನು ವೈಷ್ಣವಿಗೆ ಕೇಳು, ಅವನ ಹೆಸರು ಹೇಳಿದರಾದರೂ ತಿರುಗಿ ಬಂದಾಳು ಎಂದರು. "ಪರದೇಶದ ಆಳಿಗಿಂತ ನಮ್ಮ ಆಳೇ ಚಲೋ" ಎಂಬುದು ಅವರ ಮಾತು. ನಾನು ಕೇಳುವುದಿಲ್ಲ. ಅವರೇ ಫೋನ್ ಮಾಡಿದರೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನು. ವೈಷ್ಣವಿಯ ಮದುವೆ ಹೋದ ವಾರ ಹಾರ್ಲೆಮ್‌ನಲ್ಲಿ ಆಯಿತು, ಇವರಿಗೆ ಇನ್ನೂ ತಿಳಿದಿಲ್ಲ. ನನಗೂ ಮುಗಿದ ಮೇಲೆಯೇ ಹೇಳಿದಳು. ನನ್ನೊಬ್ಬಳನ್ನಾದರೂ ಕರೆಯಬಾರದಿತ್ತೇ ಎಂದೆ. "ನೀನೂ ವಾಡೇದಾಕಿನ ಅಲ್ಲೇನವ್ವಾ" ಎಂದಳು.