ತೊಂಬತ್ತಾರು ಡಿಗ್ರಿಯ ನಾಲ್ಕು ನಿಮಿಷ

ಇಸವಿ 2219, ಎರಡನೇ ಬೇಸಿಗೆಯ ಹತ್ತೊಂಬತ್ತನೇ ದಿನ, ಮಧ್ಯಾಹ್ನ. ಕಾಗಿಣಾ ನದಿ ದಂಡೆಯ ಹಳೆಯ ಕಲ್ಲುಗಣಿಯೊಳಗಿನ ಧ್ವನಿಮನೆ. ಹೊರಗೆ ನಲವತ್ತೊಂಬತ್ತು ಡಿಗ್ರಿ, ಯಂತ್ರಕೋಣೆಯಲ್ಲಿ ಇಪ್ಪತ್ತೇಳು.

ಇನ್ನೂರು ವರ್ಷ ಹಿಂದಿನವರಿಗೆ,

ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ನಿಮಗೆ ಗೊತ್ತಿಲ್ಲದ ಪದ ಬಂದರೆ ಮನ್ನಿಸಿ, ಅಲ್ಲಲ್ಲೇ ಅರ್ಥ ಹೇಳುತ್ತೇನೆ. ನಾನು ಜಗದೇವಿ, ಇಲ್ಲಿಯ ಗಾಳಿಗಾರ್ತಿ. ಸರ್ವರ್‌ಗಳ ಫ್ಯಾನು ಎಷ್ಟು ಕಾವಿಗೆ ಎಷ್ಟು ವೇಗವಾಗಿ ತಿರುಗಬೇಕೆಂದು ಗೊತ್ತುಮಾಡುವುದು, ಅದರ ದಾಖಲೆ ಇಡುವುದು ನನ್ನ ಕೆಲಸ. ಆ ಸರ್ವರ್‌ಗಳಲ್ಲಿ ಸತ್ತವರ ಧ್ವನಿಗಳಿವೆ. ನಿಮ್ಮಲ್ಲಿ ಕೆಲವರ ಧ್ವನಿಯೂ ಇತ್ತು. ‘ಇತ್ತು’ ಎಂದು ಬರೆಯಬೇಕಾಗಿ ಬಂದದ್ದಕ್ಕೇ ಈ ಪತ್ರ.

ಬಿಸಿಲೇರಿದ ಮೇಲೆ ಇಡೀ ಊರು ರೊಟ್ಟಿಗಂಟು ಕಟ್ಟಿಕೊಂಡು ಗಣಿಯೊಳಗೆ ಇಳಿಯುತ್ತದೆ. ಉಂಡು, ಕಲ್ಲುಹಾಸಿನ ಮೇಲೆ ಚಾಪೆ ಹಾಸಿಕೊಂಡು, ಒಬ್ಬೊಬ್ಬರೂ ತಮ್ಮವರ ಧ್ವನಿ ಕೇಳುತ್ತಾರೆ. ಇದನ್ನು ಕೇಳುಹೊತ್ತು ಅನ್ನುತ್ತೇವೆ. ಎಲ್ಲರೂ ಒಮ್ಮೆಲೇ ಕೇಳುವುದರಿಂದ ಯಂತ್ರಗಳು ನಾಲ್ಕೈದು ನಿಮಿಷ ಸುಡುವಷ್ಟು ಕಾಯುತ್ತವೆ, ಆಮೇಲೆ ತಣಿಯುತ್ತವೆ. ಆ ನಾಲ್ಕೈದು ನಿಮಿಷ ಫ್ಯಾನುಗಳ ಸದ್ದಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

“ಜಗದೇವಿ, ನಮ್ಮಪ್ಪ ಮಾತಾಡ್ಲಕತ್ತಾನೋ, ಹಿಟ್ಟಿನ ಗಿರಣಿ ತಿರಗ್ಲಕತ್ತಾದೋ?” ಎಂದು ಕಾಶೀಬಾಯಿ ಚಾಪೆಯಿಂದಲೇ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಇನ್ನೊಂದು ರೂಢಿಯಿದೆ. ಎಂಟು ದಿನಕ್ಕೊಮ್ಮೆ ಗಾಳಿಗಾರ್ತಿ ಸಭೆಯ ಮುಂದೆ ನಿಂತು, ಆ ವಾರ ಕಾವು ಎಷ್ಟರವರೆಗೆ ಏರಿತ್ತೆಂದು ದಾಖಲೆ ನೋಡಿ ಓದಬೇಕು. ಸಂಖ್ಯೆ ದೊಡ್ಡದಾದರೆ ಕಸ ಗುಡಿಸದ ಅಂಗಳವನ್ನು ನೋಡಿದ ಹಾಗೆ ನೋಡುತ್ತಾರೆ. “ಈ ವಾರ ಎಷ್ಟ್ ಜ್ವರ ಬಂದಿತ್ತವ್ವಾ ನಿನ್ನ ಕೂಸಿಗೆ?” ಎಂದು ಮೊದಲು ಕೇಳುವವಳೂ ಕಾಶೀಬಾಯಿಯೇ. ನನಗೆ ಅದನ್ನು ಸಹಿಸಲಾಗಲಿಲ್ಲ.

ಎರಡು ಬದಲಾವಣೆ ಮಾಡಿದೆ. ಕಾವು ಏರಿದ ಕೂಡಲೇ ಓಡಬೇಡಿ, ಆರು ನಿಮಿಷ ಹಾಗೇ ಉಳಿದರೆ ಮಾತ್ರ ವೇಗ ಹೆಚ್ಚಿಸಿ ಎಂದು ಫ್ಯಾನುಗಳಿಗೆ ಗೊತ್ತುಮಾಡಿದೆ. ದಾಖಲೆಯಲ್ಲಿ ನಿಮಿಷ ನಿಮಿಷದ ಕಾವಿನ ಬದಲು ಗಂಟೆಗೊಂದು ಸರಾಸರಿ ಬರೆಯುವಂತೆ ಮಾಡಿದೆ. ಪದೇ ಪದೇ ವೇಗ ಬದಲಿಸಿದರೆ ಫ್ಯಾನು ಸವೆಯುತ್ತದೆ, ನಿಮಿಷದ ದಾಖಲೆ ಜಾಗ ತಿನ್ನುತ್ತದೆ ಎಂದು ಹಿರಿಯರಿಗೆ ಕಾರಣ ಕೊಟ್ಟೆ. ಎರಡೂ ಸುಳ್ಳಲ್ಲ. ಆದರೆ ಕೇಳುಹೊತ್ತಿನ ಕಾವು ಆರು ನಿಮಿಷ ಇರುತ್ತಲೇ ಇರಲಿಲ್ಲ, ಹಾಗಾಗಿ ಫ್ಯಾನುಗಳು ಏಳಲೇ ಇಲ್ಲ. ಆ ನಾಲ್ಕೈದು ನಿಮಿಷದ ತೊಂಬತ್ತಾರು ಡಿಗ್ರಿ ಗಂಟೆಯ ಸರಾಸರಿಯಲ್ಲಿ ಕರಗಿ ಅರವತ್ತೊಂದಾಯಿತು. ನಾನು ಅರವತ್ತೊಂದನ್ನು ಓದಿದೆ.

“ಕೂಸು ಮಲಗ್ಯಾದ ಬಿಡ್ರಿ,” ಎಂದಳು ಕಾಶೀಬಾಯಿ. ನನಗೆ ಹಿಗ್ಗಾಯಿತು. ಇದನ್ನೂ ಬರೆದಿಡಬೇಕು.

ಎಂಟು ತಿಂಗಳಾದ ಮೇಲೆ ಒಂದೇ ವಾರದಲ್ಲಿ ಮೂರು ಸರ್ವರ್ ಸತ್ತವು. ಸಾವಿರದ ನೂರ ನಲವತ್ತು ಜನರ ಧ್ವನಿ ಹೋಯಿತು. ಹಿರಿಯರು ನನ್ನ ದಾಖಲೆ ನೋಡಿದರು. ಅದರಲ್ಲಿ ಕಾವು ಇರಲಿಲ್ಲ. ಯಂತ್ರ ಬಿಚ್ಚಿ ನೋಡಿದಾಗ ಗಾಳಿ ಒಳಬರುವ ಜಾಲರಿಯಲ್ಲಿ ಒಂದಿಷ್ಟು ದೂಳಿತ್ತು. ಜಾಲರಿ ತೊಳೆಯುವವನು ಎಪ್ಪತ್ತನಾಲ್ಕು ವರ್ಷದ ಮೈಲಾರಪ್ಪ.

ಅವನನ್ನು ಕರೆಸಿ ಕೇಳಿದರು. “ಇರಬಹುದ್ರೀ. ಕಣ್ಣು ಮೊದಲಿನಂಗಿಲ್ಲ. ಜಗದೇವಿ ಬರದದ್ದರಾಗ ಅರವತ್ತೊಂದೇ ಅದ ಅಂದ್ರ, ತಪ್ಪು ನಂದೇ ಇರಬೇಕು,” ಎಂದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಯಾರ ತಪ್ಪಿನಿಂದ ಧ್ವನಿ ಹೋಯಿತೋ ಅವರಿಗೆ ಕೇಳುಹೊತ್ತಿನ ಬಾಗಿಲು ಮುಚ್ಚುತ್ತದೆ. ಇಲ್ಲಿ ಬೇರೆ ಶಿಕ್ಷೆ ಇಲ್ಲ. ಮೈಲಾರಪ್ಪನ ಹೆಂಡತಿ ಗೌರಾಬಾಯಿಯ ಧ್ವನಿ ಉಳಿದ ಸರ್ವರೊಂದರಲ್ಲಿ ಕ್ಷೇಮವಾಗಿದೆ. ಹತ್ತು ನಿಮಿಷದ ಮಾತು: ಪಲ್ಯಕ್ಕೆ ಉಪ್ಪು ಹಾಕಲು ಮರೆತದ್ದಕ್ಕೆ ಗಂಡನನ್ನು ಬೈಯುತ್ತಾಳೆ, ನಡುನಡುವೆ ನಗುತ್ತಾಳೆ. ಹನ್ನೊಂದು ವರ್ಷ ಅವನು ದಿನವೂ ಅದನ್ನು ಕೇಳಿದ್ದ. ಈಗ ತಿಂಗಳಾಯಿತು, ಕೇಳುಹೊತ್ತಿನಲ್ಲಿ ಗಣಿಯ ಮೇಲಿನ ಮೆಟ್ಟಿಲ ನೆರಳಲ್ಲಿ ಕೂತಿರುತ್ತಾನೆ.

ಯಂತ್ರ ತನ್ನೊಳಗೆ ನಿಮಿಷದ ದಾಖಲೆಯನ್ನೂ ಇಟ್ಟುಕೊಂಡಿರುತ್ತದೆ. ಅದು ನನಗೆ ಮೊದಲೇ ಗೊತ್ತಿತ್ತು. ಅವನಿಗೆ ಬಾಗಿಲು ಮುಚ್ಚಿದ ಮರುದಿನ ತೆಗೆದು ನೋಡಿದೆ. ಇನ್ನೂರ ಹದಿಮೂರು ಮಧ್ಯಾಹ್ನ ಕಾವು ತೊಂಬತ್ತನಾಲ್ಕು ಡಿಗ್ರಿ ದಾಟಿತ್ತು. ಫ್ಯಾನುಗಳನ್ನು ಯಾರಿಗೂ ಹೇಳದೆ ಮೊದಲಿನ ಸ್ಥಿತಿಗೆ ತಂದೆ. ಸದ್ದು ಮತ್ತೆ ಬಂತು. ಕಾರಣವನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಇಂಥ ಯಂತ್ರಗಳನ್ನು ನಡೆಸುತ್ತಿರುವ ನಿಮ್ಮಲ್ಲಿ ಒಂದು ಕೋರಿಕೆ: ಸರಾಸರಿ ಬರೆಯುವಲ್ಲಿ ಅತಿ ಹೆಚ್ಚಿನ ಕಾವನ್ನೂ, ಅದು ಎಷ್ಟು ನಿಮಿಷ ಇತ್ತೆಂಬುದನ್ನೂ ಬರೆಯಿರಿ. ಅದನ್ನು ಅಳಿಸುವ ಅಧಿಕಾರವನ್ನು, ದಾಖಲೆಯನ್ನು ಸಭೆಗೆ ಓದಿ ಹೇಳಬೇಕಾದವರ ಕೈಗೇ ಕೊಡಬೇಡಿ.

ನಾಡಿದ್ದು ಓದುವ ದಿನ. ಇನ್ನೂರ ಹದಿಮೂರು ಸಾಲುಗಳನ್ನೂ ಸಭೆಯ ಮುಂದೆ ಓದಿ, ಬಾಗಿಲು ನನಗೆ ಮುಚ್ಚಿರೆಂದು ಕೇಳಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ಮೈಲಾರಪ್ಪನಿಗೆ ಇದು ಊರಿನ ಜೊತೆ ತಿಳಿಯಬಾರದು, ಊರಿಗಿಂತ ಮೊದಲು ತಿಳಿಯಬೇಕು. ಈ ಹಾಳೆ ಮಡಿಸಿಟ್ಟು ಮೇಲೆ ಹೋಗಿ ಹೇಳುವುದೆಂದು ತೀರ್ಮಾನ. ಅವನು ಈಗ ಅಲ್ಲೇ ಇದ್ದಾನೆ, ಕೆಮ್ಮು ಕೇಳಿಸುತ್ತಿದೆ. ನಾನು ಇನ್ನೂ ಎದ್ದಿಲ್ಲ.