ಮಗ್ಗದಲ್ಲಿ ಉಳಿದ ಗೇಣು

೧೯೭೪ ಜನವರಿ ೧೭, ಗುರುವಾರ. ಬೆಟಗೇರಿ.

ಅರಬರ ನಾಡಿನ ಯುದ್ಧದಿಂದ ಎಣ್ಣೆ ತುಟ್ಟಿ, ಎಣ್ಣೆಯಿಂದ ಬಣ್ಣ ತುಟ್ಟಿ, ಈಗ ಬಣ್ಣವೇ ಇಲ್ಲ. ಪೇಪರು ಓದಿದರೆ ಎಲ್ಲ ತಿಳಿಯುತ್ತದೆ. ತಿಳಿದು ಏನು ಮಾಡಲಿ? ಮಗ್ಗ ನಿಂತೇ ಇದೆ.

ಸೀರೆ ಮುಗಿದಾಗ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ಕೊನೆಯ ಗೇಣನ್ನು ನೇಯದೆ ಬಿಡುತ್ತೇವೆ. ಮುಂದಿನ ಸೀರೆಯ ಹೊಸ ನೂಲನ್ನು ಅದಕ್ಕೇ ಗಂಟು ಹಾಕಬೇಕು. ಅಪ್ಪನ ಕಾಲದಿಂದ ಆ ಗಂಟು ತಪ್ಪಿಲ್ಲ.

ಇಂದು ನೂಲಿಗೆ ಬಣ್ಣ ಹಾಕುವ ಶೇಖಸಾಬರಲ್ಲಿಗೆ ಹೋದೆ. ಬಣ್ಣದ ಹಂಡೆಯನ್ನೇ ಮಾರಿಬಿಟ್ಟಿದ್ದಾರೆ.

"ಬಣ್ಣ ಬಂದ್ರೂ ಇನ್ನ ಯಾತರಾಗ ಕುದಸಲಿ, ಪುಂಡಲೀಕಪ್ಪಾ?" ಎಂದು ಮುಖ ತಿರುಗಿಸಿದರು.

ಮನೆಗೆ ಬಂದರೆ ನನ್ನವಳು ಆ ಗೇಣಿನ ಎಳೆಗಳ ಧೂಳು ಒರೆಸುತ್ತಿದ್ದಳು.

"ಸಾಬರು ಏನಂದ್ರು ರೀ? ಯಾವಾಗ ಗಂಟ ಹಾಕೂದು?"

"ಜಲ್ದಿ" ಎಂದೆ.

ಇದನ್ನು ಬರೆಯುವಾಗಲೂ ಅವಳು ಒರೆಸುತ್ತಲೇ ಇದ್ದಾಳೆ.